ಮದುವೆಯ ಸಿ.ಡಿ.ಗೆ ಮರುಪ್ರತಿ: ಏಕೆ? ಹೇಗೆ?

ಉಡುಪಿಯಿಂದ ಕೆಮ್ಮಣ್ಣು ದಾಟಿ ಪಡುವಣಕ್ಕೆ ಹೋದರೆ ಹೂಡೆ ಎಂಬ ಊರು ಸಿಗುತ್ತದೆ. ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸ್ವರ್ಣಾ ನದಿ, ನಡುವೆ ತೆಂಗಿನ ತೋಟಗಳು, ಮನೆಗಳು. ಕಿಟಕಿಯ ಸರಳಿಗೆ ಎಷ್ಟು ಸಲ ಬಣ್ಣ ಬಳಿದರೂ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಇಣುಕುವ ಊರು ಅದು. ನನ್ನ ಚಿಕ್ಕಮ್ಮನ ಮನೆ ಅಲ್ಲಿದೆ. ಅವರ ಕಬ್ಬಿಣದ ಕಪಾಟಿನಲ್ಲಿ, ರೇಷ್ಮೆ ಸೀರೆಗಳ ಕೆಳಗಿನ ಅರೆಯಲ್ಲಿ, ಪ್ಲಾಸ್ಟಿಕ್ ಚೀಲಗಳಿರುವ ಒಂದು ಪುಸ್ತಕದಂಥ ವಸ್ತುವಿದೆ. ಅದರ ತುಂಬ ಸಿ.ಡಿ.ಗಳು, ಡಿ.ವಿ.ಡಿ.ಗಳು. ಅವರ ಮಟ್ಟಿಗೆ ಎಲ್ಲವೂ 'ಸೀಡಿ'ಯೇ. ಈ ಬರಹದಲ್ಲಿ ಎರಡಕ್ಕೂ ಸೇರಿಸಿ 'ತಟ್ಟೆ' ಎನ್ನುತ್ತೇನೆ.

ಹೋದ ಮಳೆಗಾಲದಲ್ಲಿ ಹೋಗಿದ್ದಾಗ ಚಿಕ್ಕಮ್ಮ ಅದರಿಂದ ಒಂದು ತಟ್ಟೆ ತೆಗೆದು ಕೈಗಿತ್ತರು. "ಇದೊಂದು ನೋಡು ಮಗಾ. ಮೊನ್ನೆವರೆಗೆ ಸಮಾ ಹೋಗ್ತಿತ್ತು. ಈಗ ಅಮ್ಮನ ಹಾಡು ಬರುವಲ್ಲಿಗೆ ನಿಲ್ತದೆ. ಟಿ.ವಿ.ಯಲ್ಲಿ ಕೆಲಸ ಮಾಡುವವ ನೀನು, ಇಷ್ಟು ಆಗುದಿಲ್ವಾ?"

2006ರಲ್ಲಿ ನಡೆದ ಅವರ ಮಗಳ ಮದುವೆಯ ಎರಡನೆಯ ಡಿ.ವಿ.ಡಿ. ಅದು. ಧಾರೆ, ಊಟ, ಹೆಣ್ಣು ಒಪ್ಪಿಸುವ ಶಾಸ್ತ್ರ ಎಲ್ಲ ಮುಗಿದು, ಕೊನೆಯಲ್ಲಿ ನನ್ನ ಅಜ್ಜಿ ಆರತಿ ಹಾಡುತ್ತಾರೆ. ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದವು. ಅವರ ದನಿ ಉಳಿದಿದ್ದುದು ಆ ತಟ್ಟೆಯ ಕೊನೆಯ ಹತ್ತು ನಿಮಿಷಗಳಲ್ಲಿ ಮಾತ್ರ. ಯಂತ್ರಕ್ಕೆ ಹಾಕಿ ನೋಡಿದೆ. ಅಜ್ಜಿ ಆರತಿಯ ತಟ್ಟೆ ಎತ್ತಿಕೊಳ್ಳುವಷ್ಟರಲ್ಲಿ ಚಿತ್ರ ಚೌಕಚೌಕವಾಗಿ ಒಡೆಯಿತು, ದನಿ ತುಂಡಾಯಿತು, ಯಂತ್ರ ಒಂದೆರಡು ಸಲ ಕಟಕಟ ಎಂದು ಸುಮ್ಮನಾಯಿತು. ಮದುವೆಗೆ ವಿಡಿಯೋ ತೆಗೆದಿದ್ದವರಲ್ಲಿ ಮೂಲ ಕ್ಯಾಸೆಟ್ಟು ಇರಲಿಲ್ಲ. ಅಂದಿನ ರೂಢಿಯಂತೆ ಅದೇ ಕ್ಯಾಸೆಟ್ಟಿನ ಮೇಲೆ ಇನ್ನೊಂದು ಮದುವೆ ಎಂದೋ ಅಚ್ಚಾಗಿತ್ತು.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಹಲವರ ಮನೆಗಳಲ್ಲಿಯೂ ಇಂಥ ತಟ್ಟೆಗಳಿವೆ. ಅಪ್ಪ-ಅಮ್ಮನ ಮದುವೆ, ನಿಮ್ಮದೇ ನಾಮಕರಣ, ಹರಕೆಯ ಯಕ್ಷಗಾನ ಬಯಲಾಟ, ಕೊಲ್ಲಿ ದೇಶದಿಂದ ಮಾವ ಕಳುಹಿಸಿದ ದೃಶ್ಯಗಳು. ಪರದೆಯ ಮೇಲೆ ಅರ್ಧ ಗಂಟೆಯ ಮಾತುಕತೆಯಲ್ಲಿ ಇವುಗಳನ್ನು ತೋರಿಸಬಹುದೇ ಹೊರತು ಒಳಗಿನ ಲೆಕ್ಕವನ್ನು ಬಿಡಿಸಿ ಹೇಳಲು ಸಮಯ ಸಾಲುವುದಿಲ್ಲ. ಆದ್ದರಿಂದ ಆ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ.

ಶಾಸನವೋ, ಬಣ್ಣದ ಬರಹವೋ?

ಮೊದಲು ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದು ತಳವನ್ನು ನೋಡಿ. ಅಂಗಡಿಯಲ್ಲಿ ಕೊಂಡ ಸಿನಿಮಾದ ತಟ್ಟೆಯಾದರೆ ತಳ ಬೆಳ್ಳಿಯಂತೆ ಅಥವಾ ತೆಳು ಹೊಂಬಣ್ಣದಲ್ಲಿ ಹೊಳೆಯುತ್ತದೆ. ಮದುವೆಯ ತಟ್ಟೆಯಾದರೆ ಹಸಿರು, ನೀಲಿ ಅಥವಾ ನೇರಳೆಯ ಛಾಯೆ ಕಾಣುತ್ತದೆ. ಈ ಬಣ್ಣದ ವ್ಯತ್ಯಾಸದಲ್ಲಿಯೇ ವಿಷಯದ ಅರ್ಧ ಭಾಗ ಅಡಗಿದೆ.

ಸಿ.ಡಿ.ಯನ್ನು ಫಿಲಿಪ್ಸ್ ಮತ್ತು ಸೋನಿ ಕಂಪೆನಿಗಳು ಕೂಡಿ ರೂಪಿಸಿದವು. 1982ರಲ್ಲಿ ಅದು ಮಾರುಕಟ್ಟೆಗೆ ಬಂತು. ಸಿ.ಡಿ.ಯಲ್ಲಿ ಚಲನಚಿತ್ರವನ್ನು ಅಡಕಗೊಳಿಸುವ ವಿ.ಸಿ.ಡಿ. ಪದ್ಧತಿ 1993ರದು, ಡಿ.ವಿ.ಡಿ. 1996ರದು. ಮೂರರ ಅಳತೆಯೂ ಒಂದೇ: 120 ಮಿಲಿಮೀಟರು ವ್ಯಾಸ, 1.2 ಮಿಲಿಮೀಟರು ದಪ್ಪ. ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಈ ತಟ್ಟೆಯಲ್ಲಿ ಒಳಗಿನಿಂದ ಹೊರಕ್ಕೆ ಒಂದೇ ಒಂದು ಸುರುಳಿ ಗೆರೆ ಸಾಗುತ್ತದೆ. ಸಿ.ಡಿ.ಯಲ್ಲಿ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಣ ಅಂತರ 1.6 ಮೈಕ್ರೋಮೀಟರು, ಡಿ.ವಿ.ಡಿ.ಯಲ್ಲಿ 0.74. ನಿಮ್ಮ ತಲೆಗೂದಲಿನ ದಪ್ಪ 70 ಮೈಕ್ರೋಮೀಟರು ಎಂದಿಟ್ಟುಕೊಂಡರೆ, ಆ ಒಂದು ಕೂದಲಿನ ಅಗಲದಲ್ಲಿ ಸಿ.ಡಿ.ಯ ಸುಮಾರು 44 ಸುತ್ತುಗಳು, ಡಿ.ವಿ.ಡಿ.ಯ ಸುಮಾರು 95 ಸುತ್ತುಗಳು ಹಿಡಿಸುತ್ತವೆ. ಮಾಹಿತಿ ಇರುವ ಭಾಗದ ಒಳತ್ರಿಜ್ಯ 25, ಹೊರತ್ರಿಜ್ಯ 58 ಮಿಲಿಮೀಟರು ಎಂದು ಹಿಡಿದು ಸಿ.ಡಿ.ಯ ಇಡೀ ಗೆರೆಯ ಉದ್ದವನ್ನು ಲೆಕ್ಕ ಹಾಕಿ ನೋಡಿ. ಐದು ಕಿಲೋಮೀಟರಿಗೂ ಮಿಕ್ಕಿದ ಉತ್ತರ ಬಂದರೆ ನಿಮ್ಮ ಲೆಕ್ಕ ಸರಿ.

ಅಂಗಡಿಯ ತಟ್ಟೆಯಲ್ಲಿ ಈ ಗೆರೆಯುದ್ದಕ್ಕೂ ಸೂಕ್ಷ್ಮವಾದ ಕುಳಿಗಳಿರುತ್ತವೆ. ಕಾರ್ಖಾನೆಯಲ್ಲಿ ಅಚ್ಚಿನಿಂದ ಒತ್ತಿ ಮೂಡಿಸಿದ ಕುಳಿಗಳು ಅವು. ಮೇಲೆ ಅಲ್ಯೂಮಿನಿಯಮ್ಮಿನ ತೆಳುಪದರ. ಲೇಸರ್ ಕಿರಣ ಕುಳಿ ಇರುವಲ್ಲಿ ಒಂದು ಬಗೆಯಾಗಿ, ಇಲ್ಲದಲ್ಲಿ ಇನ್ನೊಂದು ಬಗೆಯಾಗಿ ಪ್ರತಿಫಲಿಸುತ್ತದೆ. ಆ ಏರಿಳಿತವೇ ಸೊನ್ನೆ ಮತ್ತು ಒಂದುಗಳಾಗಿ, ಕೊನೆಗೆ ಚಿತ್ರವಾಗಿ ಮಾರ್ಪಡುತ್ತದೆ.

ಮದುವೆಯ ತಟ್ಟೆಯಲ್ಲಿ ಕುಳಿಗಳೇ ಇಲ್ಲ. ಅದರಲ್ಲಿರುವುದು ಸಾವಯವ ವರ್ಣದ್ರವ್ಯದ, ಎಂದರೆ ಒಂದು ಬಗೆಯ ಬಣ್ಣದ, ಪದರ. ಬರೆಯುವ ಯಂತ್ರ ಪ್ರಬಲವಾದ ಲೇಸರಿನಿಂದ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. 'ಸೀಡಿ ಬರ್ನ್ ಮಾಡುವುದು' ಎಂಬ ಮಾತು ಬಂದದ್ದೇ ಹಾಗೆ. ಓದುವ ಯಂತ್ರಕ್ಕೆ ಸುಟ್ಟ ಗುರುತು ಕುಳಿಯಂತೆಯೇ ತೋರುತ್ತದೆ. ಮೋಸ ಚೆನ್ನಾಗಿಯೇ ನಡೆಯುತ್ತದೆ, ಆದರೆ ಬಣ್ಣ ಬಣ್ಣವೇ. ಬಿಸಿಲಿಗೆ ಸೀರೆಯ ಬಣ್ಣ ಹೋಗುವಂತೆ ಬೆಳಕಿಗೂ ಶಾಖಕ್ಕೂ ಇದು ನಿಧಾನವಾಗಿ ಬದಲಾಗುತ್ತದೆ. ಗುರುತಿಗೂ ಹಿನ್ನೆಲೆಗೂ ಇದ್ದ ವ್ಯತ್ಯಾಸ ಮಸುಕಾಗುತ್ತ ಬರುತ್ತದೆ. ಹೂಡೆಯಿಂದ ಹೊಳೆಯಾಚೆಗೆ ಬಾರಕೂರಿದೆ. ಅಲ್ಲಿ ನೂರಾರು ವರ್ಷಗಳ ಹಿಂದಿನ ಶಿಲಾಶಾಸನಗಳನ್ನು ಇಂದಿಗೂ ಓದಬಹುದು. ಅಂಗಡಿಯ ತಟ್ಟೆ ಅಂಥ ಕೆತ್ತನೆಯ ಜಾತಿಯದು. ಮದುವೆಯ ತಟ್ಟೆ ಗೋಡೆಯ ಮೇಲಿನ ಬಣ್ಣದ ಬರಹ.

ಮನೆಯಲ್ಲಿ ಯಾವುದು ಒಂದೇ ಒಂದು ಪ್ರತಿ ಇದೆಯೋ ಅದೇ ಬಣ್ಣದ ಬರಹದಲ್ಲಿದೆ. ಸಾವಿರಗಟ್ಟಲೆ ಪ್ರತಿಗಳಿರುವ ಸಿನಿಮಾ ಮಾತ್ರ ಶಾಸನದಂತೆ ಗಟ್ಟಿಯಾಗಿದೆ. ಇದು ವಿಚಿತ್ರ, ಆದರೆ ಇರುವುದೇ ಹಾಗೆ.

'ಚೆನ್ನಾಗಿಯೇ ಓಡ್ತಿದೆ' ಎಂಬ ಭ್ರಮೆ

ಹಳೆಯ ವಿ.ಎಚ್.ಎಸ್. ಕ್ಯಾಸೆಟ್ಟು ಹಾಳಾಗುವಾಗ ಮುನ್ಸೂಚನೆ ಕೊಡುತ್ತಿತ್ತು. ಬಣ್ಣ ಮಾಸುವುದು, ಅಡ್ಡಗೆರೆ ಬರುವುದು, ಚಿತ್ರದ ಮೇಲೆ ಅಕ್ಕಿನುಚ್ಚು ಚೆಲ್ಲಿದಂತೆ ಚುಕ್ಕೆ ಬೀಳುವುದು. ತಟ್ಟೆ ಹಾಗಲ್ಲ. ನಿನ್ನೆಯವರೆಗೆ ಮೊದಲ ದಿನದಷ್ಟೇ ಚೊಕ್ಕಟವಾಗಿದ್ದು ಇಂದು ಒಮ್ಮೆಲೇ ನಿಂತುಬಿಡುತ್ತದೆ. ಚಿಕ್ಕಮ್ಮ "ಮೊನ್ನೆವರೆಗೆ ಸಮಾ ಹೋಗ್ತಿತ್ತು" ಎಂದದ್ದು ಅಕ್ಷರಶಃ ನಿಜ. ಇದಕ್ಕೆ ಕಾರಣ ತಟ್ಟೆಯ ದೌರ್ಬಲ್ಯವಲ್ಲ, ಅದರ ಜಾಣತನ. ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

7, 4, 9, 5 ಎಂಬ ನಾಲ್ಕು ಅಂಕಿಗಳನ್ನು ಗೆಳೆಯನಿಗೆ ಬರೆದು ಕಳುಹಿಸಬೇಕಾಗಿದೆ. ಅವುಗಳ ಮೊತ್ತವಾದ 25ನ್ನೂ ಕೊನೆಗೆ ಬರೆಯಿರಿ. ದಾರಿಯಲ್ಲಿ ಮಳೆಹನಿ ಬಿದ್ದು ಮೂರನೆಯ ಅಂಕಿ ಅಳಿಸಿಹೋದರೂ ಚಿಂತೆಯಿಲ್ಲ. 25ರಿಂದ 7, 4, 5ನ್ನು ಕಳೆದರೆ 9 ಮರಳಿ ಸಿಗುತ್ತದೆ. ಎರಡು ಅಂಕಿಗಳು ಅಳಿಸಿಹೋದರೆ ಮಾತ್ರ ಒಂದೇ ಮೊತ್ತ ಸಾಲದು. ಇನ್ನಷ್ಟು ಬಗೆಯ ಮೊತ್ತಗಳು ಬೇಕು. ಹೀಗೆ ಹೆಚ್ಚುವರಿ ಅಂಕಿಗಳನ್ನು ಸೇರಿಸಿ ಕಳೆದುಹೋದದ್ದನ್ನು ಮರಳಿ ಪಡೆಯುವ ಒಂದು ಸೊಗಸಾದ ಬೀಜಗಣಿತವನ್ನು 1960ರಲ್ಲಿ ಅಮೆರಿಕದ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಪ್ರಕಟಿಸಿದರು. ಅದರ ಹೆಸರೇ ರೀಡ್-ಸಾಲೊಮನ್ ಸಂಕೇತ. ದೂರದ ಯುರೇನಸ್, ನೆಪ್ಚೂನ್ ಗ್ರಹಗಳ ಚಿತ್ರಗಳನ್ನು ವಾಯೇಜರ್ ನೌಕೆ ಭೂಮಿಗೆ ತಪ್ಪಿಲ್ಲದೆ ಕಳುಹಿಸಿದ್ದು ಇದರ ಬಲದಿಂದಲೇ. ನಿಮ್ಮ ಮನೆಯ ಸಿ.ಡಿ.ಯಲ್ಲಿಯೂ ಇದೇ ಇದೆ: ಪ್ರತಿ 24 ಬೈಟು ಮಾಹಿತಿಗೆ 8 ಬೈಟುಗಳ ಕಾವಲು.

ಡಿ.ವಿ.ಡಿ.ಯ ವ್ಯವಸ್ಥೆ ಮೇಷ್ಟ್ರ ಅಂಕಪಟ್ಟಿಯನ್ನು ಹೋಲುತ್ತದೆ. ಪಟ್ಟಿಯಲ್ಲಿ ಪ್ರತಿ ವಿದ್ಯಾರ್ಥಿಯ ಅಂಕಗಳನ್ನು ಅಡ್ಡಕ್ಕೂ ಕೂಡುತ್ತಾರೆ, ಪ್ರತಿ ವಿಷಯದ ಅಂಕಗಳನ್ನು ಉದ್ದಕ್ಕೂ ಕೂಡುತ್ತಾರೆ. ಎರಡೂ ಕಡೆ ತಾಳೆಯಾಗದಿದ್ದರೆ ತಪ್ಪು ಯಾವ ಮನೆಯಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ಡಿ.ವಿ.ಡಿ.ಯಲ್ಲಿ 172 ಬೈಟುಗಳ 192 ಸಾಲುಗಳಿಗೆ ಒಂದು ಪಟ್ಟಿ. ಅಡ್ಡಸಾಲಿಗೆ 10, ಉದ್ದಸಾಲಿಗೆ 16 ಬೈಟು ಕಾವಲು. ಇದರ ಮೇಲೆ ಅಕ್ಕಪಕ್ಕದ ಮಾಹಿತಿಯನ್ನು ದೂರದೂರಕ್ಕೆ ಚದುರಿಸಿ ಬರೆಯುವ ಉಪಾಯವೂ ಇದೆ. ಸಿ.ಡಿ.ಯ ಗೆರೆಯಲ್ಲಿ ಎರಡೂವರೆ ಮಿಲಿಮೀಟರು ಉದ್ದದ ಮಾಹಿತಿ ಪೂರಾ ಅಳಿಸಿಹೋದರೂ ಕೇಳುಗನಿಗೆ ಗೊತ್ತೇ ಆಗದಷ್ಟು ಚೊಕ್ಕಟವಾಗಿ ಯಂತ್ರ ಅದನ್ನು ತುಂಬಿಕೊಡುತ್ತದೆ.

ಈಗ ತೊಡಕು ಎಲ್ಲಿದೆ ನೋಡಿ. ಬಣ್ಣ ಮಾಸುತ್ತ ಹೋದಂತೆ ತಪ್ಪುಗಳು ಹೆಚ್ಚುತ್ತವೆ, ಕಾವಲು ಬೈಟುಗಳು ಅವನ್ನು ಸರಿಪಡಿಸುತ್ತಲೇ ಇರುತ್ತವೆ. ಹತ್ತು ತಪ್ಪಿದ್ದಾಗಲೂ ಚಿತ್ರ ಅದೇ, ನೂರು ತಪ್ಪಿದ್ದಾಗಲೂ ಅದೇ. ಕಾವಲಿನ ಮಿತಿ ಮೀರಿದ ಮರುಕ್ಷಣ ಇಡೀ ಪಟ್ಟಿಯೇ, ಎಂದರೆ ಒಂದು ಹೊಡೆತಕ್ಕೆ 32 ಕಿಲೋಬೈಟು, ಕೈಬಿಟ್ಟುಹೋಗುತ್ತದೆ. ಆದ್ದರಿಂದ 'ಚೆನ್ನಾಗಿಯೇ ಓಡ್ತಿದೆ' ಎಂಬುದು ತಟ್ಟೆಯ ಆರೋಗ್ಯಕ್ಕೆ ಪುರಾವೆಯಲ್ಲ. ಚೆನ್ನಾಗಿ ಓಡುತ್ತಿರುವ ದಿನವೇ ಪ್ರತಿ ಮಾಡಿಕೊಳ್ಳಬೇಕಾದ ದಿನ.

ಕೊನೆಯ ದೃಶ್ಯವೇ ಮೊದಲು ಹೋಗುವುದೇಕೆ?

ಹಾಡು ಬರುವಲ್ಲಿಗೇ ತಟ್ಟೆ ನಿಂತದ್ದು ವಿಧಿಯ ಆಟವೆಂದು ಮನೆಯವರು ನೊಂದುಕೊಂಡಿದ್ದರು. ಅದರಲ್ಲಿ ವಿಧಿಗಿಂತ ರೇಖಾಗಣಿತದ ಪಾಲೇ ದೊಡ್ಡದು. ಮನೆಗಳಲ್ಲಿರುವ ಒಂದು ಪದರದ ತಟ್ಟೆಯಲ್ಲಿ ಬರವಣಿಗೆ ನಡುವಿನ ತೂತಿನ ಬಳಿ ಆರಂಭವಾಗಿ ಅಂಚಿನ ಕಡೆಗೆ ಸಾಗುತ್ತದೆ. ಸಮಾರಂಭದ ಕೊನೆಯ ದೃಶ್ಯ ತಟ್ಟೆಯ ಹೊರ ಅಂಚಿನಲ್ಲಿರುತ್ತದೆ. ಕೈಬೆರಳು ತಗಲುವುದು ಅಲ್ಲಿ. ಚೀಲಕ್ಕೆ ತೂರಿಸುವಾಗ ಉಜ್ಜುವುದು ಅಲ್ಲಿ. ಡಿ.ವಿ.ಡಿ. ಎಂಬುದು 0.6 ಮಿಲಿಮೀಟರಿನ ಎರಡು ತಟ್ಟೆಗಳನ್ನು ಅಂಟಿಸಿ ಮಾಡಿದ್ದಾದ್ದರಿಂದ ತೇವ ಒಳನುಗ್ಗುವುದೂ ಆ ಅಂಚಿನಿಂದಲೇ.

ತೇವದ ಮಾತು ಬಂದಾಗ ಕರಾವಳಿಯವರು ಸ್ವಲ್ಪ ಹೆಚ್ಚು ಎಚ್ಚರದಿಂದ ಕೇಳಬೇಕು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2003ರಲ್ಲಿ ಹೊರತಂದ ಕೈಪಿಡಿಯೊಂದು ತಟ್ಟೆಗಳನ್ನು 4ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಶೇಕಡಾ 20ರಿಂದ 50ರ ಆರ್ದ್ರತೆಯಲ್ಲಿ ಇಡಬೇಕೆನ್ನುತ್ತದೆ. ನಮ್ಮ ಹೂಡೆ, ಮಲ್ಪೆ, ಕಾಪುಗಳಲ್ಲಿ ಆಷಾಢದ ಆರ್ದ್ರತೆ ಶೇಕಡಾ 80ನ್ನು ಸಲೀಸಾಗಿ ದಾಟುತ್ತದೆ. ಕೈಪಿಡಿಯನ್ನು ಪಾಲಿಸಹೊರಟರೆ ತಟ್ಟೆಗಳನ್ನು ಫ್ರಿಜ್ಜಿನಲ್ಲಿ ಮೀನಿನ ಪಕ್ಕ ಇಡಬೇಕಾದೀತು (ಹಾಗೆ ಮಾಡಬೇಡಿ, ಹೊರತೆಗೆದಾಗ ಮೇಲೆ ನೀರು ಕೂರುತ್ತದೆ). ಉಪ್ಪುಗಾಳಿ, ತೇವ ಎರಡೂ ಸೇರಿ ಲೋಹದ ಪದರವನ್ನು ಕಾಡುತ್ತವೆ. ಪ್ಲಾಸ್ಟಿಕ್ ಚೀಲ ತಟ್ಟೆಗೆ ಅಂಟಿಕೊಳ್ಳುತ್ತದೆ. ಬೂಷ್ಟು ಬರುತ್ತದೆ. ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದ ಪ್ರಸಂಗವೊಂದಿದೆ: ಮಧ್ಯ ಅಮೆರಿಕದ ಬೆಲೀಜ್ ಎಂಬ ಸೆಕೆನಾಡಿನಿಂದ ತಂದ ಒಂದು ಸಿ.ಡಿ.ಯಲ್ಲಿ ಜಿಯೋಟ್ರೈಕಮ್ ಜಾತಿಯ ಶಿಲೀಂಧ್ರ ಅಂಚಿನಿಂದ ಒಳಹೊಕ್ಕು ಲೋಹವನ್ನೂ ಪ್ಲಾಸ್ಟಿಕ್ಕನ್ನೂ ಹಾಳುಗೆಡವಿತ್ತು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ಮೇಲ್ಮೈಯ ಬೂಷ್ಟು ಮಾತ್ರ, ಒರೆಸಿದರೆ ಹೋಗುತ್ತದೆ.

ಒರೆಸುವುದಕ್ಕೂ ಒಂದು ಕ್ರಮವಿದೆ. ಮೆತ್ತಗಿನ ಹತ್ತಿಬಟ್ಟೆಯಿಂದ, ನಡುವಿನ ತೂತಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸುತ್ತ ಒರೆಸಬೇಡಿ. ನೇರ ಗೀರು ಪ್ರತಿ ಸುತ್ತಿನಲ್ಲಿ ಚೂರೇ ಚೂರು ಮಾಹಿತಿಯನ್ನು ಕೆಡಿಸುತ್ತದೆ, ಕಾವಲು ಬೈಟುಗಳು ಅದನ್ನು ನೋಡಿಕೊಳ್ಳುತ್ತವೆ. ಸುತ್ತುಗೀರಾದರೋ ಒಂದೇ ಗೆರೆಯನ್ನು ಉದ್ದಕ್ಕೂ ಅಳಿಸುತ್ತದೆ. ಇನ್ನೊಂದು ವಿಷಯ ಹಲವರಿಗೆ ತಿಳಿದಿಲ್ಲ. ಸಿ.ಡಿ.ಯ ಮಾಹಿತಿ ಪದರವಿರುವುದು ತಳದಲ್ಲಲ್ಲ, ಹೆಸರು ಬರೆಯುವ ಮೇಲ್ಭಾಗದಲ್ಲಿ, ತೆಳುವಾದ ಅರಗಿನಂಥ ಲೇಪದ ಕೆಳಗೆ. ಬಾಲ್‌ಪೆನ್ನಿನಿಂದ ಒತ್ತಿ 'ಶೀಲನ ಮದುವೆ' ಎಂದು ಬರೆದರೆ ಮದುವೆಯ ಮೇಲೆಯೇ ಗೀರಿದಂತೆ. ಅಂಟುಚೀಟಿಯೂ ಬೇಡ. ಮೆತ್ತನೆಯ ಮಾರ್ಕರಿನಿಂದ ನಡುವಿನ ತೂತಿನ ಸುತ್ತ ಇರುವ ಪಾರದರ್ಶಕ ಭಾಗದಲ್ಲಿ ಬರೆದರೆ ಸಾಕು.

ಯಾವುದಕ್ಕೆ ಮೊದಲು?

ಇಡೀ ಕಪಾಟನ್ನು ಒಂದೇ ದಿನ ಮುಗಿಸುವ ಉತ್ಸಾಹ ಬೇಡ. ತಟ್ಟೆಗಳನ್ನು ನೆಲದ ಮೇಲೆ ಹರಡಿ, ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ಬೇರೆಲ್ಲಾದರೂ ಇದೆಯೇ? ಇಲ್ಲ ಎಂಬ ಉತ್ತರ ಬಂದವು ಮೊದಲ ಸಾಲಿಗೆ.

ಈ ಪ್ರಶ್ನೆಯ ಬೆಲೆಯನ್ನು ನಮ್ಮ ಚಿತ್ರರಂಗ ಕಷ್ಟಪಟ್ಟು ಕಲಿತಿದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ಅಭಿನಯಿಸಿದ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ, ಮೂವತ್ತು ವರ್ಷ ತಡವಾಗಿ. ಹಣ, ವಿಜ್ಞಾನ ಎರಡೂ ಇದ್ದವರೂ ಎಡವಿದ್ದಾರೆ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ನೇರವಾಗಿ ಬಂದ ಉತ್ತಮ ದರ್ಜೆಯ ಸಂಕೇತಗಳನ್ನು ಹಿಡಿದಿಟ್ಟಿದ್ದ ಮೂಲ ಟೇಪುಗಳು ಅಳಿಸಿ ಮರುಬಳಕೆಯಾಗಿರಬೇಕೆಂದು ನಾಸಾ ಸಂಸ್ಥೆ 2009ರಲ್ಲಿ ತಿಳಿಸಿತು. ಇಂದು ನಾವು ನೋಡುವ ದೃಶ್ಯಗಳು ದೂರದರ್ಶನ ಪ್ರಸಾರಕ್ಕಾಗಿ ಪರಿವರ್ತಿಸಿ ಬೇರೆಡೆ ಇಟ್ಟಿದ್ದ ಪ್ರತಿಗಳಿಂದ ಬಂದವು. ಗುಣಮಟ್ಟದಲ್ಲಿ ಕಡಿಮೆಯಾದರೂ ಬೇರೆ ಊರಿನಲ್ಲಿದ್ದ ಪ್ರತಿಯೇ ಮಾನ ಉಳಿಸಿತು.

ಕೊಂಡು ತಂದ ಸಿನಿಮಾ ತಟ್ಟೆಗಳನ್ನು ಎರಡನೆಯ ಸಾಲಿಗೆ ಇಡಿ. ಅವುಗಳ ಹಕ್ಕು ನಿರ್ಮಾಪಕರದು. ಹಲವು ಡಿ.ವಿ.ಡಿ.ಗಳಲ್ಲಿ ನಕಲು ತಡೆಯುವ ಬೀಗವಿರುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿಸಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಅಂಥ ಬೀಗ ಮುರಿಯುವುದನ್ನು ಶಿಕ್ಷಾರ್ಹಗೊಳಿಸಿದೆ. ಸ್ವಂತ ಬಳಕೆಗೆ ನ್ಯಾಯಯುತ ಉಪಯೋಗ ಎಂಬ ವಿನಾಯಿತಿ 52ನೆಯ ಕಲಮಿನಲ್ಲಿದೆ ನಿಜ. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಬೇರೆಡೆ ಸಿಗುವ ಸಿನಿಮಾಕ್ಕಾಗಿ ಆ ಗೊಡವೆ ಬೇಡ, ಅಜ್ಜಿಯ ಹಾಡು ಕಾಯುತ್ತಿರುವಾಗ.

ಮದುವೆಯ ಚಿತ್ರದ ಹಕ್ಕು ಯಾರದು ಎಂದು ಕೇಳುವಿರಾ? ಅದೇ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ತೆಗೆಸಿದವರೇ ಮೊದಲ ಹಕ್ಕುದಾರರು. ನಿಮ್ಮ ಮನೆಯ ಮದುವೆ ನಿಮ್ಮದೇ. ಹರಕೆ ಆಟದ ತಟ್ಟೆಯಲ್ಲಿ ಮಾತ್ರ ಭಾಗವತರಿಗೂ ವೇಷಧಾರಿಗಳಿಗೂ ಕಲಾವಿದರೆಂಬ ಹಕ್ಕಿದೆ. ಮನೆಯಲ್ಲಿ ಕಾಪಾಡಿಕೊಳ್ಳಿ, ಅವರನ್ನು ಕೇಳದೆ ಊರಿಗೆಲ್ಲ ಹಂಚಬೇಡಿ. ಅಂಥ ತಟ್ಟೆ ನಿಮ್ಮ ಮನೆಯ ಆಸ್ತಿ ಮಾತ್ರವೂ ಅಲ್ಲ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿ ಬೆಳೆಸಿದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ ಯಕ್ಷಗಾನ, ಭೂತಾರಾಧನೆಗಳ ದಾಖಲೀಕರಣಕ್ಕೆ ಹೆಸರಾದದ್ದು. ಯಾರೂ ದಾಖಲಿಸದ ಒಂದು ರಾತ್ರಿಯ ಆಟ ನಿಮ್ಮ ಕಪಾಟಿನಲ್ಲಿದ್ದರೂ ಇರಬಹುದು.

ಪ್ರತಿ ತೆಗೆಯುವ ಬಗೆ

ಈಚಿನ ಮಡಿಲ ಗಣಕಗಳಲ್ಲಿ ತಟ್ಟೆ ಹಾಕುವ ಜಾಗವೇ ಇರುವುದಿಲ್ಲ. ಯು.ಎಸ್.ಬಿ. ತಂತಿಯಿಂದ ಜೋಡಿಸುವ ಡಿ.ವಿ.ಡಿ. ಡ್ರೈವ್ ಒಂದನ್ನು ಕೊಳ್ಳಬೇಕು ಅಥವಾ ಎರವಲು ತರಬೇಕು.

ಪರದೆಯ ಮೇಲೆ ಓಡಿಸಿ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುವವರನ್ನು ನೋಡಿದ್ದೇನೆ. ಅದು ಪ್ರತಿಯಲ್ಲ, ಪ್ರತಿಯ ನೆರಳು. ಇನ್ನು ಕೆಲವರು ಕಡತ ಚಿಕ್ಕದಾಗಲೆಂದು ಮೊದಲೇ ಬೇರೆ ನಮೂನೆಗೆ ಪರಿವರ್ತಿಸುತ್ತಾರೆ. ಡಿ.ವಿ.ಡಿ.ಯ ಚಿತ್ರ ಆಗಲೇ ಒಮ್ಮೆ ಅಡಕಗೊಂಡದ್ದು. ಮತ್ತೆ ಅಡಕಗೊಳಿಸಿದರೆ ಜೆರಾಕ್ಸಿನ ಜೆರಾಕ್ಸ್ ತೆಗೆದಂತೆ. ಮೊದಲು ಇದ್ದದ್ದು ಇದ್ದಂತೆ ಇಡೀ ತಟ್ಟೆಯ ಪಡಿಯಚ್ಚು ತೆಗೆಯಿರಿ. ಗಣಕದವರು ಇದನ್ನು 'ಇಮೇಜ್' ಎನ್ನುತ್ತಾರೆ. ಡಿ.ವಿ.ಡಿ.ಗೆ ಐಸೋ ಎಂಬ ಒಂದೇ ಕಡತ ಬರುತ್ತದೆ. ಮೊಬೈಲಿನಲ್ಲಿ ನೋಡಲು ಚಿಕ್ಕ ಕಡತ ಬೇಕಾದರೆ ಆಮೇಲೆ ಇದರಿಂದ ಮಾಡಿಕೊಳ್ಳಬಹುದು.

ಡಿ.ವಿ.ಡಿ.ಯ ಹಿಡಿತ 4.7 ಗಿಗಾಬೈಟು ಎಂದು ಪೆಟ್ಟಿಗೆಯ ಮೇಲಿದ್ದರೂ ಗಣಕ 4.37 ಎಂದು ತೋರಿಸಬಹುದು. ಗಾಬರಿ ಬೇಡ, ಏನೂ ಕಳೆದುಹೋಗಿಲ್ಲ. ಪೆಟ್ಟಿಗೆಯವರು ನೂರು ಕೋಟಿ ಬೈಟಿಗೆ ಒಂದು ಗಿಗಾಬೈಟು ಎನ್ನುತ್ತಾರೆ. ಗಣಕ 1024ನ್ನು ಮೂರು ಸಲ ಗುಣಿಸಿದ ಲೆಕ್ಕ ಹಿಡಿಯುತ್ತದೆ. ಇಂಥ ನಲವತ್ತು ತಟ್ಟೆಗಳು ಸೇರಿದರೂ 188 ಗಿಗಾಬೈಟು. 500 ಗಿಗಾಬೈಟಿನ ಒಂದು ಹಾರ್ಡ್ ಡಿಸ್ಕಿನಲ್ಲಿ ಅರ್ಧ ಜಾಗವೂ ತುಂಬುವುದಿಲ್ಲ.

ವಿ.ಸಿ.ಡಿ. ಸ್ವಲ್ಪ ಹಟಮಾರಿ. ಅದರಲ್ಲಿ ಡ್ಯಾಟ್ ಎಂಬ ಬಾಲವಿರುವ ಕಡತಗಳು ಕಾಣುತ್ತವೆ. ಎಳೆದು ಹಾಕಿದರೆ ಹಲವು ಸಲ ನಡುವೆಯೇ ದೋಷ ತೋರಿಸಿ ನಿಲ್ಲುತ್ತದೆ. ಸಾಮಾನ್ಯ ಸಿ.ಡಿ. ಕಡತದಲ್ಲಿ ಪ್ರತಿ ತುಣುಕಿಗೆ 2048 ಬೈಟು ಮಾಹಿತಿಯಾದರೆ, ಒಂದು ತಟ್ಟೆಯಲ್ಲಿ 74 ನಿಮಿಷದ ಚಿತ್ರ ಹಿಡಿಸುವ ಆಸೆಯಿಂದ ವಿ.ಸಿ.ಡಿ.ಯಲ್ಲಿ 2324 ಬೈಟು ತುಂಬಿದ್ದಾರೆ. ಹೆಚ್ಚುವರಿ ಕಾವಲನ್ನು ತೆಗೆದು ಆ ಜಾಗವನ್ನು ಗಳಿಸಿಕೊಂಡದ್ದು. ಆದ್ದರಿಂದ ವಿ.ಸಿ.ಡಿ.ಗಳಿಗೆ ಮೊದಲ ಸರದಿ ಕೊಡಿ. ಬಿನ್ ಮತ್ತು ಕ್ಯೂ ಎಂಬ ಜೋಡಿ ಕಡತಗಳಾಗಿ ಪಡಿಯಚ್ಚು ತೆಗೆಯುವ ತಂತ್ರಾಂಶ ಬಳಸಿ.

ಕೈಕ್ಯಾಮರಾಗಳಲ್ಲಿ ಬರುತ್ತಿದ್ದ 8 ಸೆಂಟಿಮೀಟರಿನ ಪುಟ್ಟ ತಟ್ಟೆಗಳ ವಿಷಯದಲ್ಲಿ ಎರಡು ಎಚ್ಚರಿಕೆಗಳು. ಸೀಳಿನ ಮೂಲಕ ತಟ್ಟೆ ನುಂಗುವ ಡ್ರೈವಿಗೆ ಅವನ್ನು ಹಾಕಬೇಡಿ, ಒಳಗೆ ಸಿಕ್ಕಿಕೊಳ್ಳುತ್ತವೆ. ಚಿತ್ರೀಕರಣ ಮುಗಿದ ಮೇಲೆ ಕ್ಯಾಮರಾದಲ್ಲಿಯೇ 'ಫೈನಲೈಸ್' ಎಂಬ ಕೊನೆಯ ಮುದ್ರೆ ಒತ್ತದಿದ್ದರೆ ಬೇರೆ ಯಂತ್ರಕ್ಕೆ ಆ ತಟ್ಟೆ ಖಾಲಿಯಂತೆ ತೋರಬಹುದು. ಖಾಲಿ ಎಂದು ಎಸೆಯುವ ಮುನ್ನ ಹಳೆಯ ಕ್ಯಾಮರಾವನ್ನು ಹುಡುಕಿ.

ಈಗ ಹೂಡೆಯ ತಟ್ಟೆಗೆ ಬರೋಣ. ಮೊದಲು ಒರೆಸಿದೆ. ಆಮೇಲೆ ಬೇರೆ ಬೇರೆ ಡ್ರೈವುಗಳಲ್ಲಿ ಹಾಕಿದೆ. ಒಂದು ಓದಲಾರದ್ದನ್ನು ಇನ್ನೊಂದು ಓದುವುದುಂಟು. ಮೂರನೆಯ ಡ್ರೈವಿನಲ್ಲಿ, ಅತಿ ನಿಧಾನದ ವೇಗದಲ್ಲಿ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶಕ್ಕೆ ಕೆಲಸ ಒಪ್ಪಿಸಿ ರಾತ್ರಿಯಿಡೀ ಬಿಟ್ಟೆ. ಸಾಮಾನ್ಯ ನಕಲು ತಂತ್ರಾಂಶ ದೋಷ ಬಂದಲ್ಲಿ ಕೈಚೆಲ್ಲಿದರೆ, ಇದು ಕೆಟ್ಟ ಭಾಗವನ್ನು ಹಾರಿ ಮುಂದೆ ಹೋಗಿ, ಒಳ್ಳೆಯದನ್ನೆಲ್ಲ ಮೊದಲು ಬಾಚಿಕೊಂಡು, ಆಮೇಲೆ ಕೆಟ್ಟ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ. ಎಲ್ಲೆಲ್ಲಿ ಓದಲಾಗಲಿಲ್ಲ ಎಂಬ ನಕ್ಷೆಯನ್ನೂ ಬರೆದಿಡುತ್ತದೆ. ಬೆಳಿಗ್ಗೆ ನೋಡಿದರೆ ಹಾಡಿನ ನಾಲ್ಕು ನಿಮಿಷಗಳಷ್ಟು ಭಾಗ ಇನ್ನೂ ಬಂದಿರಲಿಲ್ಲ.

ಆಗ ಚಿಕ್ಕಮ್ಮನಿಗೆ ನೆನಪಾಯಿತು. ಮದುವೆಗೆ ರಜೆ ಸಿಗದೆ ಮಸ್ಕತ್ತಿನಲ್ಲಿಯೇ ಉಳಿದಿದ್ದ ದೊಡ್ಡ ಮಗನಿಗೆ ಇನ್ನೊಂದು ಪ್ರತಿ ಕಳುಹಿಸಿದ್ದರು. ಅಣ್ಣ ದೀಪಾವಳಿಗೆ ಬರುವಾಗ ಹುಡುಕಿ ತಂದ. ಅದರ ಬಣ್ಣ ಚೆನ್ನಾಗಿತ್ತು. ಮಸ್ಕತ್ತಿನ ತಂಪುಗೋಣೆ ಅದಕ್ಕೆ ಒಗ್ಗಿತ್ತೆಂದು ತೋರುತ್ತದೆ. ಆದರೆ ಮಕ್ಕಳ ಕೈಗೆ ಸಿಕ್ಕಿ ತುಂಬ ಗೀರುಗಳಿದ್ದವು. ಅದೂ ಒಂಟಿಯಾಗಿ ಪೂರ್ತಿ ಓಡಲಿಲ್ಲ.

ಇಲ್ಲಿಯೇ ಅಂಕೀಯ ಪದ್ಧತಿಯ ದೊಡ್ಡ ಉಪಕಾರ. ಎರಡೂ ತಟ್ಟೆಗಳು ಒಂದೇ ಮೂಲದಿಂದ ಬರೆದವು, ಒಂದೊಂದು ಬೈಟೂ ಒಂದೇ ಸ್ಥಾನದಲ್ಲಿತ್ತು. ಕೆಟ್ಟ ಜಾಗಗಳು ಮಾತ್ರ ಬೇರೆ ಬೇರೆ. ಹೂಡೆಯ ಪಡಿಯಚ್ಚಿನಲ್ಲಿ ಖಾಲಿ ಉಳಿದ ಮನೆಗಳನ್ನು ಮಸ್ಕತ್ತಿನ ತಟ್ಟೆಯಿಂದ ತುಂಬಲು ಅದೇ ತಂತ್ರಾಂಶಕ್ಕೆ ನಕ್ಷೆ ಕೊಟ್ಟು ಹೇಳಿದೆ. ಎರಡು ಹರಿದ ಓಲೆಗರಿಗಳನ್ನು ಪಕ್ಕದಲ್ಲಿಟ್ಟು ಒಂದು ಪಾಠ ಕೂಡಿಸುವ ಕೆಲಸ. ಮಧ್ಯಾಹ್ನದ ಹೊತ್ತಿಗೆ ಹಾಡು ಬಂತು. ಕಟ್ಟಕಡೆಯ ಅಂಚಿನಲ್ಲಿ ಎರಡೂ ತಟ್ಟೆಗಳು ಕೆಟ್ಟಿದ್ದ ಒಂಬತ್ತು ಸೆಕೆಂಡು ಮಾತ್ರ ಬರಲಿಲ್ಲ. ಆ ಜಾಗದಲ್ಲಿ ಈಗ ಚಿಕ್ಕಮ್ಮ ತಾವೇ ಹಾಡಿಬಿಡುತ್ತಾರೆ.

ತಾಳೆ ನೋಡುವುದು, ಇಡುವುದು

ಪ್ರತಿ ತೆಗೆದ ಮೇಲೆ ಅದು ಸರಿಯಾಗಿದೆಯೇ ಎಂದು ತಿಳಿಯಲು ಮೂರು ಗಂಟೆ ಕುಳಿತು ನೋಡಬೇಕಾಗಿಲ್ಲ. ಕಡತದ ಎಲ್ಲ ಬೈಟುಗಳನ್ನೂ ಅರೆದು ಒಂದು ಚಿಕ್ಕ ಸಂಖ್ಯೆಯಾಗಿ ಇಳಿಸುವ ಗಣಿತವಿದೆ. ಷಾ-256 ಎಂಬುದು ಅಂಥದ್ದೊಂದು. ಎಷ್ಟೇ ದೊಡ್ಡ ಕಡತವಾದರೂ 64 ಅಕ್ಷರಗಳ ಒಂದು ಗುರುತು ಬರುತ್ತದೆ. 4.7 ಗಿಗಾಬೈಟಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಗುರುತು ಪೂರ್ತಿ ಬೇರೆಯಾಗುತ್ತದೆ. ಈ ಗುರುತನ್ನು ಒಂದು ನೋಟುಪುಸ್ತಕದಲ್ಲಿಯೂ ಕಡತದ ಪಕ್ಕದಲ್ಲಿಯೂ ಬರೆದಿಡಿ. ಇನ್ನೊಂದು ಹಾರ್ಡ್ ಡಿಸ್ಕಿಗೆ ನಕಲಿಸಿದಾಗ ಮತ್ತೆ ಲೆಕ್ಕ ಹಾಕಿಸಿ. ಎರಡೂ ಒಂದೇ ಆದರೆ ನಕಲು ಸರಿ. ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಇದಕ್ಕೆ ಆಜ್ಞೆಗಳಿವೆ, ನಿಮ್ಮ ಗಣಕದ ಉಪನ್ಯಾಸಕರು ಐದು ನಿಮಿಷದಲ್ಲಿ ತೋರಿಸಿಕೊಟ್ಟಾರು.

ಇಡುವುದೆಲ್ಲಿ? ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಬಳಕೆಗೆ ತಂದ ಒಂದು ಲೆಕ್ಕ ಹೆಸರುವಾಸಿಯಾಗಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಚಿಕ್ಕಮ್ಮನ ಮನೆಯಲ್ಲಿ ಈಗ ಒಂದು ಹಾರ್ಡ್ ಡಿಸ್ಕು, ಹೊಸದಾಗಿ ಬರೆದ ಒಂದು ಜೊತೆ ತಟ್ಟೆಗಳು ಇವೆ. ಮೂರನೆಯದು ಕಾರ್ಕಳದಲ್ಲಿ, ಅವರ ಮಗಳ ಮನೆಯಲ್ಲಿ. ಕಾರ್ಕಳದಲ್ಲಿ ಮಳೆ ಕಡಿಮೆ ಎಂದಲ್ಲ, ಉಪ್ಪುಗಾಳಿ ಇಲ್ಲ ಎಂದು. ಪೆನ್‌ಡ್ರೈವನ್ನು ಸಾಗಿಸಲು ಬಳಸಿ, ವರ್ಷಗಟ್ಟಲೆ ಇಡಲು ಬೇಡ. ಅದರಲ್ಲಿ ಮಾಹಿತಿ ನಿಂತಿರುವುದು ವಿದ್ಯುದಾವೇಶದ ರೂಪದಲ್ಲಿ, ಅದು ಕಾಲಕ್ರಮೇಣ ಸೋರುತ್ತದೆ. ಹಾರ್ಡ್ ಡಿಸ್ಕನ್ನು ವರ್ಷಕ್ಕೊಮ್ಮೆಯಾದರೂ ಜೋಡಿಸಿ, ಗುರುತುಗಳನ್ನು ತಾಳೆ ನೋಡಿ.

ಯಂತ್ರಗಳ ಕಾಲವೂ ಮುಗಿಯುತ್ತ ಬಂದಿದೆ. ಜಪಾನಿನ ಫುನಾಯ್ ಕಂಪೆನಿ ವಿ.ಸಿ.ಆರ್. ತಯಾರಿಕೆಯನ್ನು 2016ರಲ್ಲಿ ನಿಲ್ಲಿಸಿತು. ಸೋನಿ ಕಂಪೆನಿ ಬರೆಯಬಲ್ಲ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು 2025ರ ಫೆಬ್ರವರಿಯಲ್ಲಿ ಮುಗಿಸಿತು. ಡಿ.ವಿ.ಡಿ. ಡ್ರೈವುಗಳು ಇನ್ನೂ ಸಿಗುತ್ತಿವೆ. ಒಂದು ಓಣಿಗೆ ಅಥವಾ ಒಂದು ತರಗತಿಗೆ ಒಂದಿದ್ದರೂ ಸಾಕು, ಸರದಿಯಲ್ಲಿ ಬಳಸಬಹುದು. ನಾನು ಕೊಂಡದ್ದು ಹೂಡೆಯಿಂದ ಕಾರ್ಕಳಕ್ಕೆ ಹೋಗಿ ಈಗ ಮಣಿಪಾಲದ ಹಾಸ್ಟೆಲೊಂದರಲ್ಲಿದೆ. ಅಲ್ಲಿಂದ ಅದು ಕಾಪುವಿಗೆ ಹೋಗಬೇಕು. ಅಲ್ಲೊಂದು ಮನೆಯಲ್ಲಿ 2003ರ ಹರಕೆ ಆಟದ ಮೂರು ವಿ.ಸಿ.ಡಿ.ಗಳಿವೆಯಂತೆ, ಮೂರನೆಯದು ಬೆಳಗಿನ ಜಾವದ ಪ್ರಸಂಗದಲ್ಲಿ ತಡವರಿಸಲು ಆರಂಭಿಸಿದೆಯಂತೆ.